ಗಂಟಲಲ್ಲಿ ನಿಂತ ಅಕ್ಷರ

ಸಾಸ್ಕಟೂನ್. ಮೈನಸ್ ಮೂವತ್ತೆಂಟು.
ನದಿ ತನ್ನ ಮೇಲೆ ತಾನೇ ಬಾಗಿಲೆಳೆದುಕೊಂಡಿದೆ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕ,
ನಾವು ಏಳು ಜನ.
ಮೇಲಿನ ಒಂಬತ್ತು ಮಹಡಿಗಳ ರಕ್ತ, ಮೂತ್ರ, ಎದೆಬಡಿತ
ಅಂಕಿಗಳಾಗಿ ನಮ್ಮ ನೆತ್ತಿಯ ಮೇಲೆ ಹರಿಯುತ್ತವೆ
ಒಗೆದ ಹೊದಿಕೆಗಳ ಬಿಸಿ ವಾಸನೆಯ ಜೊತೆಗೆ.

ಹೊಸ ನಿರ್ದೇಶಕ ಲಾಯ್ಡ್ ಪೆಂಡರ್
ಮೊದಲು ಹೋಟೆಲುಗಳನ್ನು ನೋಡಿಕೊಂಡವರು.
ರೋಗಿಗಳನ್ನು ಅತಿಥಿಗಳು ಎನ್ನುತ್ತಾರೆ,
ನಮ್ಮನ್ನು ಕುಟುಂಬ ಎನ್ನುತ್ತಾರೆ,
ಹೆಸರು ಮಾತ್ರ ನಾಲಗೆಗೆ ಹತ್ತುವುದಿಲ್ಲ.
ಮಾರಿವಿಕ್ ಅವರಿಗೆ ಮೂರು ತಿಂಗಳಿಂದ ಮೋನಿಕಾ.
ಎರಡು ಸಲ ಅವಳು ತಿದ್ದಿದಳು.
ಈಗ ಮೋನಿಕಾ ಎಂದರೆ ತಿರುಗುತ್ತಾಳೆ.

ಗೋಡೆಗೊಂದು ಪರದೆ ಬಂತು, ಬಾಗಿಲಿನಷ್ಟು ದೊಡ್ಡದು.
ಅದರಲ್ಲಿ ಹದಿನಾರು ಚುಕ್ಕಿ.
ಹಸಿರಿದ್ದರೆ ಎಲ್ಲ ಕ್ಷೇಮ. ಕೆಂಪಾದರೆ
ಎರಡು ಪುಟದ ಸಮಜಾಯಿಷಿ, ಸೋಮವಾರದೊಳಗೆ.
ಹಾಗಾಗಿ ಯಾವುದೂ ಕೆಂಪಾಗುವುದಿಲ್ಲ.
ಕೆಂಪಿನ ಮಿತಿಯನ್ನೇ ಓರೆಸ್ಟ್ ಒಂದು ಮಧ್ಯಾಹ್ನ
ಹೇಳಿದಂತೆ ಮೇಲಕ್ಕೇರಿಸಿದ,
ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿ
ಬಸ್ಸು ಸಿಕ್ಕಿತು ಎಂದುಕೊಂಡ ಹಾಗೆ.
ಅವನ ಕೈಯನ್ನು ಯಾರೂ ಹಿಡಿಯಲಿಲ್ಲ. ನಾನೂ.

ಜನವರಿಯಲ್ಲಿ ಉತ್ತರದಿಂದ, ಸರೋವರಗಳಾಚೆಯಿಂದ,
ಪುಟ್ಟ ವಿಮಾನದಲ್ಲಿ ಒಂದು ಮಗು ಬಂತು.
ಹುಟ್ಟಿ ಹನ್ನೊಂದು ದಿನ. ಡೆನೆ ಜನರ ಕೂಸು.
ಹೆಸರಿನ ನಡುವೆ ಒಂದು ಅಕ್ಷರ,
ಅಕ್ಷರವೂ ಅಲ್ಲ,
ಗಂಟಲು ಒಂದು ಗಳಿಗೆ ಕದ ಹಾಕಿ ತೆಗೆಯುವ ಸದ್ದು.
ಚುಕ್ಕಿ ಕಳೆದುಕೊಂಡ ಪ್ರಶ್ನಾರ್ಥಕದ ಹಾಗೆ
ಅದನ್ನು ಬರೆಯುತ್ತಾರೆ.

ನಮ್ಮ ಯಂತ್ರಕ್ಕೆ ಅದು ಗೊತ್ತಿಲ್ಲ.
ಗೊತ್ತಿಲ್ಲದ್ದನ್ನು ಅದು ಮೂಲೆಯ ಸಾಲಿನಲ್ಲಿ ನಿಲ್ಲಿಸುತ್ತದೆ,
ಸದ್ದಿಲ್ಲದೆ, ಬೇರೆ ತಿರಸ್ಕೃತರ ಹಿಂದೆ.
ಮಗುವಿನ ಪೊಟ್ಯಾಶಿಯಂ ಅಲ್ಲಿ ನಿಂತಿತ್ತು:
ಏಳು ಪಾಯಿಂಟ್ ಒಂದು.
ನಲವತ್ತು ನಿಮಿಷ.
ಲ್ಯಾಬಿನಿಂದ ವಾರ್ಡಿಗೆ ಹೋಗುತ್ತಿದ್ದ ಫೋನನ್ನು
ಉಳಿತಾಯವೆಂದು ಅಕ್ಟೋಬರಿನಲ್ಲೇ ನಿಲ್ಲಿಸಿದ್ದರು.
ಪರದೆಯ ಮೇಲೆ ಹದಿನಾರೂ ಹಸಿರು,
ಗದ್ದೆಯ ಹಾಗೆ.

ಕಂಡದ್ದು ಮಾರಿವಿಕ್‌ಗೆ.
ಊಟದ ಡಬ್ಬಿ ಪಕ್ಕಕ್ಕಿಟ್ಟು, ಸುಮ್ಮನೆ,
ಆ ಸಾಲನ್ನು ಒಮ್ಮೆ ಇಣುಕಿದಳಂತೆ.
ಲಿಫ್ಟಿಗೆ ಕಾಯಲಿಲ್ಲ. ಅಂಗೈ ಮೇಲೆ ಅಂಕಿ ಬರೆದುಕೊಂಡು
ಆರು ಮಹಡಿ ಓಡಿ ಹತ್ತಿದಳು.

ಮಗು ಉಳಿಯಿತು.
ಅದಕ್ಕೇ ಯಾರೂ ಏನೂ ಬರೆಯಬೇಕಾಗಲಿಲ್ಲ.

ಮರುದಿನ ಸಭೆ. "ಒಳ್ಳೆಯ ಸುದ್ದಿಯಿಂದ ಶುರುಮಾಡೋಣ,"
ಎಂದರು ಪೆಂಡರ್. ಡೋನಟ್ ತರಿಸಿದ್ದರು.
ಜೂನಿನಿಂದ ಮೂರು ಪತ್ರ ಬರೆದಿದ್ದೆವು ಆ ಅಕ್ಷರದ ಬಗ್ಗೆ;
ಉತ್ತರವಾಗಿ ಮೂರು ಸಲ ಎತ್ತಿದ ಹೆಬ್ಬೆರಳಿನ ಚಿತ್ರ.
ಈಗ ಕೇಳಿದರು, ಸಕ್ಕರೆ ಒರೆಸಿಕೊಳ್ಳುತ್ತ:
"ಆ ಚಿಹ್ನೆ ಬಿಟ್ಟು ಬರೆಯಲು
ಮನೆಯವರಿಗೆ ಹೇಳಬಹುದಲ್ಲ?"

ನನ್ನ ಬಾಯಲ್ಲಿ ಮಾತಿತ್ತು. ಪೂರ್ತಿ ವಾಕ್ಯ,
ಕರ್ತೃ ಕರ್ಮ ಕ್ರಿಯಾಪದ ಸಮೇತ.
ಮನೆಯ ಕಂತೂ ಇತ್ತು, ಮಾರ್ಚಿನವರೆಗಿನ ಗುತ್ತಿಗೆಯೂ.
ಗಂಟಲು ಕದ ಹಾಕಿತು.
ತೆರೆಯಲಿಲ್ಲ.

ಸಂಜೆ ಆರನೇ ಮಹಡಿಗೆ ಹೋದೆ, ಕಾರಣವಿಲ್ಲದೆ.
ಮಗುವಿನ ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ
ಒಂದೇ ಬೂಟು ಕಳಚಿ ಕೂತಿದ್ದರು.
ಹೆಸರು ಹೇಗೆ ಕರೆಯುವುದು ಎಂದೆ.
ಹೇಳಿದರು. ನಾನು ಹೇಳಿದೆ. ತಲೆಯಾಡಿಸಿದರು: ಅಲ್ಲ.
ಮತ್ತೆ. ಅಲ್ಲ.
ಏಳನೆಯದೋ ಎಂಟನೆಯದೋ ಸಲ ನಕ್ಕು
ನನ್ನ ಕತ್ತಿನ ಮೇಲೆ ಎರಡು ಬೆರಳಿಟ್ಟರು:
ಇಲ್ಲಿ ನಿಲ್ಲು. ಈಗ ಬಿಡು.

ಈಗ ಬೀರುವಿನ ಒಳಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ.
ಗಂಟೆಗೊಬ್ಬರು ಆ ಮೂಲೆಯ ಸಾಲು ನೋಡಬೇಕು,
ನೋಡಿ ಸಹಿ ಹಾಕಬೇಕು, ಪೆನ್ಸಿಲಿನಲ್ಲಿ.
ಓರೆಸ್ಟ್ ರಾತ್ರಿಯ ಪಾಳಿಯನ್ನೆಲ್ಲ ತಾನೇ ಬರೆದುಕೊಂಡ.
ಇದು ಯಾವ ಪರದೆಯಲ್ಲೂ ಇಲ್ಲ.

ಇವತ್ತು ಪೆಂಡರ್ ಬಾಗಿಲಲ್ಲಿ ನಿಂತು ಕರೆದರು:
"ಮೋನಿಕಾ."
ಲಾಂಡ್ರಿಯ ಡ್ರಮ್ಮು ತಿರುಗುತ್ತಿತ್ತು.
"ಮೋನಿಕಾ?"
ನಾವು ಏಳೂ ಜನ ನಮ್ಮ ನಮ್ಮ ಪರದೆಗಳನ್ನು ನೋಡುತ್ತ ಕೂತೆವು.