ಮಲಗಿದ ಬಾಟ್ಲಿ

ಹೋಟಗಿ ರಸ್ತಾದ ದುಕಾನದಾಗ ಮಾಲಕ
ಗೋಡಿಗೆ ಒಂದು ಕಾಗದ ಹಚ್ಯಾನ, ಮರಾಠಿದಾಗ.
ನಾ ಅದನ್ನ ಕನ್ನಡದಾಗ ಓದ್ಕೋತೀನಿ:
ಪರವಾನಾ ನಂಬರ ಬರ್ಕೋಬೇಕು.
ಇಪ್ಪತ್ತೈದು ತುಂಬದವರ ಕೈಯಾಗ ಕೊಡಬಾರದು.
ಆಗ್ಲೇ ಕುಡದವರ ಕೈಯಾಗ ಕೊಡಬಾರದು.
ಸಾಲಿ, ದವಾಖಾನಿ ಮುಂದ ನಿಂತು ಕೊಡಬಾರದು.
ರಾತ್ರಿ ಹತ್ತರ ಮ್ಯಾಲ ಮಾಲು ರಸ್ತಾದಾಗ ಇರಬಾರದು.

ನನಗ ಇಪ್ಪತ್ತಮೂರು.
ಹೊರಬಹುದು, ಕುಡೀಬಾರದು.
ಮಾಲಕ ಇದನ್ನ ಹೇಳಿ ದಿನಾ ನಗ್ತಾನ,
ದಿನಾ ಹೊಸದಾಗಿ ಹೊಳದಾಂಗ.

ಚೀಲದಾಗ ಬಾಟ್ಲಿ ಅಡ್ಡ ಮಲಗಿಸ್ತೀನಿ,
ನಡುವ ಅವ್ವನ ಹಳೇ ಸೀರಿ ತುಂಡು,
ತಗ್ಗು ದಿಣ್ಣಿ ಬಂದಾಗ ಒಂದಕ್ಕೊಂದು ಮಾತಾಡಬಾರದಂತ.

ಮಲಗಿದ ಬಾಟ್ಲಿ ಅಂದ್ರ ನಮ್ಮನ್ಯಾಗ ಬ್ಯಾರೇನ ಅರ್ಥ.
ಹನ್ನೊಂದು ವರ್ಷದ ಹಿಂದ ವಾರ್ಡಿನ ಹೆಣ್ಮಕ್ಕಳು
ಮತ ಹಾಕಿದ್ರು. ಚೀಟಿ ಮ್ಯಾಲ ಎರಡ ಚಿತ್ರ:
ನಿಂತ ಬಾಟ್ಲಿ ಅಂದ್ರ ದುಕಾನ ಇರಲಿ,
ಮಲಗಿದ್ದಂದ್ರ ಮುಚ್ಚಲಿ.
ಬೀಡಿ ಸುತ್ತೂ ಕೈ ಎಲ್ಲಾ ಕೂಡಿ ಅದನ್ನ ಮಲಗಿಸಿದ್ವು.
ಶಾಯಿ ಹಚ್ಚಿಸ್ಕೊಂಡ ಬೆರಳು ನಮ್ಮವ್ವ ಕಾಶೀಬಾಯಿ
ಹಿಟ್ಟು ನಾದೂವಾಗ್ಲೂ ಮ್ಯಾಲ ಎತ್ತಿ ಹಿಡದಿದ್ಳು.

ದುಕಾನ ಮುಚ್ತು.
ಈಗ ಆ ಜಾಗಾದಾಗ ಮೊಬೈಲ್ ರಿಪೇರಿ ಐತಿ.
ಅಲ್ಲಿ ರಿಪೇರಿ ಆದ ಫೋನಿನಿಂದನ ನಮಗ ಆರ್ಡರ್ ಬರ್ತಾವ.

ಕಳದ ಗುರುವಾರ, ಒಂಬತ್ತು ನಲವತ್ತು.
ನಮ್ಮ ಹಿಂದಿನ ಓಣಿ.
ಪರವಾನಾ ಗುರುಪಾದ ಬಿರಾಜದಾರನ ಹೆಸರಿಗೆ.
ಬಾಗಿಲ ತಗದಾಕಿ ನನ್ನ ಸೊಂಟಕ್ಕೂ ಬರಾಂಗಿಲ್ಲ,
ಒಂದ ಕೈಯಾಗ ಫೋನು, ಇನ್ನೊಂದರಾಗ ಅರ್ಧ ಭಕ್ರಿ.

"ಪಪ್ಪಾ ಮಲಗ್ಯಾನ. ನಂಬರ ನಾ ಹೇಳ್ತೀನಿ"
ಅಂದು ಮಗ್ಗಿ ಒಪ್ಪಿಸಿದಾಂಗ ಒಪ್ಪಿಸಿದ್ಳು:
ನಾಕು. ಏಳು. ಏಳು. ಸೊನ್ನಿ.

ಆ್ಯಪಿನ ಪ್ರಕಾರ ಎಲ್ಲಾ ಸರಿ ಐತಿ.
ಹಸಿರು ಗುರುತು ಬರಾಕ ನನ್ನ ಹೆಬ್ಬೆರಳಷ್ಟ ಬಾಕಿ.
ಒಳಗ ಅಂವ ಬೋರಲ ಬಿದ್ದು ಮಲಗಿದ್ದ,
ಯಾರೂ ಮತ ಹಾಕಿ ಮಲಗಿಸಿರಲಿಲ್ಲ.

"ಯಾವ ಇಯತ್ತೆ ನೀನು?" ಕೇಳಿದೆ,
ಬ್ಯಾರೆ ಏನು ಕೇಳಬೇಕು ತಿಳೀದ.
"ಎರಡನೇದು."
"ನಿನ್ನ ಕೈಯಾಗ ಕೊಡೂ ಹಾಂಗಿಲ್ಲವ್ವ."
"ಎದ್ದು ಕೇಳಿದ್ರ?" ಅಂದ್ಳು.

ಕಾಗದದಾಗ ಅದಕ್ಕ ಕಲಮಿಲ್ಲ.
ಭಕ್ರಿ ಹಿಡದ ಕೈ ಮ್ಯಾಲ ಪೆನ್ನಿಲೆ
ನನ್ನ ನಂಬರ ಬರದು ಗಾಡಿ ಹೊಳ್ಳಿಸಿದೆ.

ಹತ್ತು ಹೊಡದಿತ್ತು. ದುಕಾನದ ಶಟರ್ ಇಳದಿತ್ತು.
ಮಾಲು ರಸ್ತಾದಾಗ ಇರಬಾರದು.
ನಮ್ಮನ್ಯಾಗೂ ಇರಬಾರದು, ನನಗ ಪರವಾನಾ ಇಲ್ಲ.
ಎಲ್ಲಿ ನಿಂತ್ರೂ ಗುನ್ಹೆ, ಹಿಂಗಾಗಿ ಮನೀಗೇ ಹೋದೆ.

ಬೈತಾಳ ಅನ್ಕೊಂಡಿದ್ದೆ.
ಅವ್ವ ಮಡಿಲಾಗ ತಂಬಾಕಿನ ಮೊರ ಇಟ್ಕೊಂಡು ಕುಂತಿದ್ಳು.
ಎಲ್ಲಾ ಕೇಳಿ, ಕೈಯಾಗಿನ ಬೀಡಿ ಮುಗಿಸಿ, ಅಂದ್ಳು:
"ದಿನಕ್ಕ ಸಾವಿರ ಕಟ್ತೀನಿ. ಯಾರ ಬಾಯಿಗೆ ಹೋಗ್ತಾವಂತ
ನನ್ನ ಯಾರೂ ಕೇಳಿಲ್ಲ ನೋಡು.
ನಾನೂ ಕೇಳಿಲ್ಲ."

ಆಮ್ಯಾಲ ಬೀಡಿ ದಾರ ತಗೊಂಡು
ಬಾಟ್ಲಿ ಕೊರಳಿಗೆ, ಬೂಚಿನ ಮ್ಯಾಲ ಹಾಯಿಸಿ
ಏಳೆಂಟು ಸುತ್ತು ಬಿಗದ್ಳು.
ಮೊರದಾಗ ಅದನ್ನ ಅಡ್ಡ ಮಲಗಿಸಿ
ಬಾಜೂಕ ತಾನೂ ಮಲಗಿದ್ಳು. ನಿದ್ದಿ ಮಾಡಿದ್ದು ನಾ ಕಾಣೆ.

ಮುಂಜಾನೆ ಮಾಲಕ ದಾರ ನೋಡಿ "ಇದೇನೋ?" ಅಂದ.
ಸೀಲು, ಅಂದೆ.

ಆರ್ಡರ್ ರದ್ದಾತು, ನಲವತ್ತು ರೂಪಾಯಿ ಹೋತು.
ಆ್ಯಪು ಕಾರಣ ಕೇಳ್ತು:
ಗಿರಾಕಿ ಸಿಗಲಿಲ್ಲ. ವಿಳಾಸ ತಪ್ಪು.
ಬಾಟ್ಲಿ ಒಡದಿತ್ತು. ಗಾಡಿ ಕೆಟ್ಟಿತ್ತು. ಇತರೆ.
ಇತರೆ ಒತ್ತಿದೆ. ಸಣ್ಣದೊಂದು ಖಾಲಿ ಚೌಕ ತೆರೀತು,
ಅದರಾಗ ಬರದೆ: ಬಾಗಿಲ ತಗದಾಕಿ ಎರಡನೇ ಇಯತ್ತೆ.

ಆ ಓಣಿಯಿಂದ ಇನ್ನೂ ಫೋನು ಬಂದಿಲ್ಲ.
ರಿಂಗಿನ ದನಿ ಪೂರಾ ಏರಿಸಿ ಇಟ್ಟೀನಿ.