ಮೆಲಿಂಕಾದಲ್ಲಿ ಇಪ್ಪತ್ತು ನಿಮಿಷ

ಚಿಲಿಯ ಈ ತೆಂಕಣ ದ್ವೀಪಗಳಲ್ಲಿ
ಊರು ಅಂದರೆ ಹತ್ತಾರು ದೀಪ, ಒಂದು ಇಳಿಜಾರು,
ನಡುರಾತ್ರಿ ಹಡಗಿಗಾಗಿ ಎದ್ದು ಕೂತ ನಾಯಿಗಳು.

ನಾವು ನೋಡಲು ಬಂದವರು. ಕಟಕಟೆಗೆ ಒರಗಿ
ಕಾಫಿ ಊದುತ್ತ ನಿಂತೆವು.
‘ಎಲಿಯೆಸೆರ್, ಹುಷಾರು!’ ಕೂಗಿದ ಖಲಾಸಿ.
ಹೊಸ ಬಾಗಿಲೊಂದನ್ನು ಬೆನ್ನಿಗೇರಿಸಿಕೊಂಡು
ಇಳಿಯುತ್ತಿದ್ದ ಅವನು.
ಚೌಕಟ್ಟಿಲ್ಲ, ಚಿಲಕವಿಲ್ಲ, ಬರೀ ಬಾಗಿಲು.
ಗಾಳಿ ಅದನ್ನು ಹಾಯಿ ಎಂದುಕೊಂಡು
ಮತ್ತೆ ಕಡಲಿಗೇ ಎಳೆಯಿತು.

ನಕ್ಕಳು, ಕಾಯುತ್ತಿದ್ದವಳು. ಓಡಿ ಬಂದು
ಇನ್ನೊಂದು ತುದಿ ಹಿಡಿದಳು.
ಬಾಗಿಲು ಅಂಗಾತ ಮಲಗಿ ದಿಬ್ಬ ಹತ್ತಿತು,
ಮೇಲೆ ಒಂದು ಚೀಲ ಈರುಳ್ಳಿ,
ಅವಳ ಟೋಪಿ.

ಹಗ್ಗ ಬಿಚ್ಚಿದರು.
ಕಾಫಿ ಕೈಯಲ್ಲೇ ಆರಿತ್ತು.
ಮುಂದಿನ ಊರಿನ ಹೆಸರು ಯಾರೋ ಓದಿ ಹೇಳಿದರು;
ನಾನಿನ್ನೂ ಹಿಂದಕ್ಕೇ ನೋಡುತ್ತಿದ್ದೆ,
ಆ ದೀಪಗಳಲ್ಲಿ ಯಾವ ಮನೆಯೊಳಗೆ
ಗಾಳಿ ಈ ರಾತ್ರಿ
ಕಡೆಯ ಸಲ ಹೇಳದೆ ನುಗ್ಗುತ್ತದೆ ಎಂದು.