ಇಳಿಜಾರು ಬಿಟ್ಟಿ

ಅಪ್ಪ ಬಿಟ್ಟುಹೋದದ್ದು ಕೆನೆಬಣ್ಣದ ಒಂದು ರೆನೋ ಟ್ಯಾಕ್ಸಿ,
ನನಗಿಂತ ಹನ್ನೊಂದು ವರ್ಷ ದೊಡ್ಡದು;
ಜೊತೆಗೆ ಎರಡು ಮಾತು:
ಎಲ್ಲಿ ನಿಲ್ಲಿಸಿದರೂ ಮೂತಿ ಕೆಳಕ್ಕಿರಲಿ.
ಇಳಿಜಾರು ಬಿಟ್ಟಿ, ಅಲ್ಲಿ ಪೆಟ್ರೋಲು ಸುಡಬೇಡ.

ಅಂಟಾನಾನರಿವೊದಲ್ಲಿ ಇಳಿಜಾರಿಗೇನು ಬರ?
ಎಂಜಿನ್ ಆರಿಸಿ ಜಾರುವಾಗ
ಊರು ಕಿವಿಗೆ ಬೀಳುತ್ತದೆ:
ಮೆಟ್ಟಿಲ ಮೇಲೆ ಬೆಲ್ಟು ಮಾರುವವನ ಕೆಮ್ಮು,
ಗದ್ದೆಯಂಚಿನ ಇಟ್ಟಿಗೆ ಗೂಡಿನವರ ಜಗಳ,
ನನ್ನದೇ ಬಾಗಿಲಿನ ಕಟಕಟ.

ಟ್ಯಾಂಕು ಎಂದೋ ತುಕ್ಕಿಗೆ ಹೋಯಿತು.
ಕಾಲಬುಡದಲ್ಲಿ ಒಂದೂವರೆ ಲೀಟರಿನ ನೀರಿನ ಬಾಟಲಿ,
ಅದರೊಳಗೆ ಪೆಟ್ರೋಲು, ಅದಕ್ಕೊಂದು ಕೊಳವೆ.
ನೋಡಿದವರು ಮೊದಲು ಸಿಗರೇಟು ಆರಿಸುತ್ತಾರೆ,
ಆಮೇಲೆ ದೇವರನ್ನು ನೆನೆಯುತ್ತಾರೆ.

ಆ ಶುಕ್ರವಾರ ಹತ್ತಿದವನ ಹೆಸರು ರಬೆಂಜಾ.
ಇಸ್ತ್ರಿ ಕೆಡದ ಕೋಟು, ವಿಮಾನ ಹನ್ನೊಂದೂವರೆಗೆ.
ಅನಲಕೇಲಿ ದಾಟುವಷ್ಟರಲ್ಲಿ ಗಡಿಯಾರ ಏಳು ಸಲ ನೋಡಿದ್ದ;
ಎಂಟನೆಯ ಸಲಕ್ಕೆ ಪಂಪು ಸತ್ತಿತು.

ಬೈದ. ಬೈಯಲಿ.
ಬೈಗುಳ ಮುಗಿಯಲು ಸ್ಪ್ಯಾನರಿನ ಒಂದು ಕೆಲಸದಷ್ಟು ಹೊತ್ತು ಬೇಕು,
ನನಗೂ ಅಷ್ಟೇ ಬೇಕಿತ್ತು.
ಕೊಳವೆಯನ್ನು ನೇರ ಕಾರ್ಬುರೇಟರಿಗೆ ಸಿಕ್ಕಿಸಿ
ಬಾಟಲಿಯನ್ನು ಅವನ ಕೈಗಿತ್ತೆ:
‘ತಲೆಗಿಂತ ಮೇಲೆ ಹಿಡಿಯಿರಿ ಸ್ವಾಮಿ, ಇಳಿಸಿದರೆ ನಿಲ್ಲುತ್ತದೆ.’

ಸಲೈನ್ ಹಿಡಿದ ನೆಂಟನ ಹಾಗೆ ಕೂತ.
ಮೊದಲ ಏರಿನಲ್ಲಿ ಗಡಿಯಾರ ನೋಡಲು ಕೈ ತಿರುಗಿಸಿದ,
ಗಾಡಿ ಬಿಕ್ಕಿತು.
ಮತ್ತೆ ನೋಡಲಿಲ್ಲ.

ಕೈ ಬದಲಿಸಿದ. ಕೋಟು ಕಳಚಿದ, ಒಂದೊಂದೇ ತೋಳು,
ಬಾಟಲಿ ಅತ್ತಿಂದ ಇತ್ತ.
ಡುಬ್ಬದೆತ್ತಿನ ಗಾಡಿಯೊಂದು ದಾರಿ ಬಿಡಲಿಲ್ಲ;
ಅದರ ಹಿಂದೆಯೇ ಹೋದೆವು, ಅದರ ಬಾಲದ ಲಯಕ್ಕೆ.
ಆಮೇಲೆ ನಾನೇನೂ ಹೇಳಬೇಕಾಗಲಿಲ್ಲ:
ಏರಿಗೆ ಮೊದಲೇ ತೋಳು ಮೇಲೇರುತ್ತಿತ್ತು,
ಇಳಿಜಾರು ಕಂಡರೆ ‘ಆರಿಸಿ’ ಅನ್ನುತ್ತಿದ್ದ,
ಕೊಳವೆ ಚಿವುಟಿ ಹಿಡಿದು,
ಹೊರಗೆ ಕಿವಿಗೊಟ್ಟು.
ಅಪ್ಪ ನನಗೆ ಮೂರು ವರ್ಷ ಹೇಳಿಕೊಟ್ಟದ್ದು
ಅವನ ತೋಳಿಗೆ ಹದಿನಾಲ್ಕು ಕಿಲೋಮೀಟರಿನಲ್ಲಿ ಬಂತು.

ವಿಮಾನವೋ? ಅದಕ್ಕೂ ಏನೋ ಕೆಟ್ಟಿತ್ತು, ಸಂಜೆಗಂತೆ.
ನಕ್ಕನೋ ಅತ್ತನೋ ತಿಳಿಯಲಿಲ್ಲ;
ಅವನು ಕೊಟ್ಟ ನೋಟುಗಳು ವಾರವಿಡೀ ಪೆಟ್ರೋಲು ನಾರಿದವು.

ಬೇರೊಂದು ಪಂಪು ಸಿಕ್ಕಿತು, ಯಾವ ಗಾಡಿಯದೋ;
ಝಾಫಿ ಅರ ಹಾಕಿ ಉಜ್ಜಿ ಹೊಂದಿಸಿದ.
ಅದೂ ಆಗಾಗ ಮುನಿಯುತ್ತದೆ.
ಬಾಟಲಿ ತೂಗುಹಾಕಲು ಈಗೊಂದು ಕೊಕ್ಕೆ ಇದೆ,
ಗೂಡಿನಲ್ಲೊಂದು ಗಟ್ಟಿ ದಾರ.
ತೀರಾ ಅವಸರದವರು ಹತ್ತಿದರೆ ಮಾತ್ರ
ದಾರದ ಮಾತು ಎತ್ತುವುದಿಲ್ಲ.